ನಯಾಸಿನ್: ಒಂದು ಮದ್ದಿನ ಏಳುಬೀಳು

ಮದ್ದುಗಳಿಗೂ ಚರಿತ್ರೆಯುಂಟು. ಬಡವರ ರೋಗವನ್ನು ನೀಗಿ ಹೆಸರು ಪಡೆದು, ಉಳ್ಳವರ ಹೃದಯವನ್ನು ಕಾಯಲು ಹೊರಟು, ಕೊನೆಗೆ ಹಿಂದೆ ಸರಿಯಬೇಕಾಗಿ ಬಂದ ಮದ್ದು ನಯಾಸಿನ್.

1867ರಲ್ಲಿ ಜರ್ಮನ್ ರಸಾಯನಜ್ಞ ಹೂಬರ್ ಇದನ್ನು ಹೊಗೆಸೊಪ್ಪಿನ ನಿಕೋಟಿನ್ನಿನಿಂದ ಪಡೆದನು. ನಿಕೋಟಿನಿಕ್ ಆಮ್ಲವೆಂಬ ಹೆಸರು ಬಂದುದು ಹಾಗೆ. ಆದರೆ ಅದರ ಗುಣವನ್ನು ಎಪ್ಪತ್ತು ವರ್ಷ ಯಾರೂ ಅರಿಯಲಿಲ್ಲ. ಆ ಕಾಲದಲ್ಲೇ ಅಮೆರಿಕದ ದಕ್ಷಿಣ ಭಾಗದಲ್ಲಿ ಮೆಕ್ಕೆಜೋಳವನ್ನೇ ನೆಚ್ಚಿದ ಬಡವರು ಪೆಲ್ಲಾಗ್ರದಿಂದ ನರಳುತ್ತಿದ್ದರು: ಚರ್ಮ ಒಡೆಯುವುದು, ಭೇದಿ, ಬುದ್ಧಿಭ್ರಮಣೆ, ಕಡೆಗೆ ಸಾವು. ಇದು ಅಂಟುರೋಗವೆಂದು ಪಂಡಿತರು ನಂಬಿದ್ದರು. 1914ರಲ್ಲಿ ಅಲ್ಲಿಗೆ ಹೋದ ಡಾ. ಜೋಸೆಫ್ ಗೋಲ್ಡ್‌ಬರ್ಗರ್, ದೋಷವಿರುವುದು ಊಟದಲ್ಲೆಂದು ತೋರಿಸಿಕೊಟ್ಟರು. ಕೊರತೆಯಾದ ವಸ್ತು ಯಾವುದೆಂಬುದು ತಿಳಿಯುವ ಮುನ್ನವೇ, 1929ರಲ್ಲಿ, ಅವರು ತೀರಿಕೊಂಡರು. 1937ರಲ್ಲಿ ವಿಸ್ಕಾನ್ಸಿನ್ನಿನ ಎಲ್ವೆಹೆಮ್, ನಾಯಿಗಳಿಗೆ ಬರುವ ಇಂಥದೇ ಕಾಯಿಲೆಯನ್ನು ನಿಕೋಟಿನಿಕ್ ಆಮ್ಲದಿಂದ ಗುಣಪಡಿಸಿದರು. ರೊಟ್ಟಿಯ ಹಿಟ್ಟಿಗೆ ಇದನ್ನು ಬೆರೆಸತೊಡಗಿದಾಗ, ಜನ ಹೊಗೆಸೊಪ್ಪೆಂದು ಬೆದರಬಾರದೆಂದು ‘ನಯಾಸಿನ್’ ಎಂಬ ಹೊಸ ಹೆಸರಿಟ್ಟರು.

ಇಲ್ಲಿಯವರೆಗೆ ಕತೆ ಸರಳ. ದಿನಕ್ಕೆ ಸುಮಾರು 15 ಮಿಲಿಗ್ರಾಂ ದೊರೆತರೆ ದೇಹಕ್ಕೆ ಸಾಕು. ಆದರೆ 1955ರಲ್ಲಿ ಕೆನಡದ ಆಲ್ಟ್‌ಶುಲ್, ಹಾಫರ್ ಮತ್ತು ಸಂಗಡಿಗರು, ಇದನ್ನು ಗ್ರಾಂಗಳ ಲೆಕ್ಕದಲ್ಲಿ ಕೊಟ್ಟರೆ ರಕ್ತದ ಕೊಲೆಸ್ಟರಾಲ್ ಇಳಿಯುವುದೆಂದು ಕಂಡುಕೊಂಡರು. ಸೇವಿಸಿದೊಡನೆ ಮುಖ ಕೆಂಪೇರಿ ಮೈ ಬಿಸಿಯಾಗುವುದನ್ನು ಕಂಡು, ರಕ್ತಸಂಚಾರ ಕುಂದಿದವರಿಗೂ ಇದನ್ನು ಕೊಡತೊಡಗಿದರು. ಆದರೆ ಹಿಗ್ಗುವುದು ಮುಖ್ಯವಾಗಿ ಚರ್ಮದ ರಕ್ತನಾಳ. ಮುಖ ಕೆಂಪಾದ ಮಾತ್ರಕ್ಕೆ ಹೃದಯ ಬಲಗೊಂಡಿತೆನ್ನಲಾಗದು.

1966ರಿಂದ 1975ರವರೆಗೆ ಅಮೆರಿಕದಲ್ಲಿ ಹೃದಯಾಘಾತಕ್ಕೆ ಗುರಿಯಾಗಿದ್ದ ಪುರುಷರ ಮೇಲೆ ದೊಡ್ಡ ಪರೀಕ್ಷೆಯೊಂದು ನಡೆಯಿತು. ದಿನಕ್ಕೆ 3 ಗ್ರಾಂ ನಯಾಸಿನ್ ಸೇವಿಸಿದವರಲ್ಲಿ ಮತ್ತೆ ಹೃದಯಾಘಾತವಾಗುವುದು ಕಡಮೆಯಾಯಿತು. ಆದರೆ ಪರೀಕ್ಷೆಯ ಅವಧಿಯಲ್ಲಿ ಸಾವಿನ ಸಂಖ್ಯೆ ಇಳಿಯಲಿಲ್ಲ. ವರ್ಷಗಳು ಕಳೆದ ಮೇಲೆ, 1986ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಅವರ ಮರಣ ಶೇಕಡ 11ರಷ್ಟು ಕಡಮೆಯಾದುದು ಕಂಡುಬಂತು. ಮದ್ದಿನ ಕೀರ್ತಿ ಏರಿತು. ಅಷ್ಟರಲ್ಲಿ ಸ್ಟ್ಯಾಟಿನ್ನುಗಳು ಬಂದವು. ಅವುಗಳ ಜೊತೆಗೆ ನಯಾಸಿನ್ನನ್ನೂ ಕೊಟ್ಟು, ‘ಒಳ್ಳೆಯ’ ಕೊಲೆಸ್ಟರಾಲನ್ನು ಹೆಚ್ಚಿಸಿದರೆ ಇನ್ನಷ್ಟು ಲಾಭವಾಗದೆ ಎಂದು ವೈದ್ಯರು ಆಸೆಪಟ್ಟರು.

ಒಳ್ಳೆಯ ಕೊಲೆಸ್ಟರಾಲ್ ಹೆಚ್ಚಿದ್ದು ದಿಟ, ಹೃದಯಾಘಾತ ತಗ್ಗಲಿಲ್ಲ. 2011ರಲ್ಲಿ ಅಮೆರಿಕದ ಪರೀಕ್ಷೆಯೊಂದನ್ನು ನಡುವೆಯೇ ನಿಲ್ಲಿಸಿದರು. 2014ರಲ್ಲಿ ಪ್ರಕಟವಾದ, 25,673 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಮುಖದ ಉರಿಯನ್ನು ತಗ್ಗಿಸುವ ಇನ್ನೊಂದು ಮದ್ದಿನೊಡನೆ ನಯಾಸಿನ್ ಕೊಟ್ಟಾಗ, ಪ್ರಯೋಜನ ಕಾಣದೆ ಸಕ್ಕರೆ ಕಾಯಿಲೆ, ರಕ್ತಸ್ರಾವ, ಸೋಂಕುಗಳು ಹೆಚ್ಚಿದವು. ಹೆಚ್ಚಿನ ಪ್ರಮಾಣದಲ್ಲಿ ಯಕೃತ್ತಿಗೆ ಹಾನಿಯಾಗುವುದೂ ಗೌಟ್ ಕೆರಳುವುದೂ ಮೊದಲೇ ತಿಳಿದ ಸಂಗತಿಗಳು.

ಗೋಲ್ಡ್‌ಬರ್ಗರರು ನೋಡಿದ್ದು ರೋಗಿಯನ್ನು. ನಾವು ಬಹುಕಾಲ ನೋಡಿದ್ದು ಪರೀಕ್ಷಾಲಯದ ಅಂಕಿಯನ್ನು. ಚೀಟಿಯ ಅಂಕಿ ತಿದ್ದಿದರೆ ಆಯುಷ್ಯ ತಿದ್ದಿತೆಂದು ಭಾವಿಸುವುದು ಸುಲಭ. ಅದು ಹಾಗಲ್ಲವೆಂದು ತಿಳಿಯಲು ದಶಕಗಳೇ ಬೇಕಾದವು. ಊಟದಲ್ಲಿನ ನಯಾಸಿನ್ ಇಂದಿಗೂ ಅನ್ನದಷ್ಟೇ ಅಗತ್ಯ. ಅದೇ ವಸ್ತುವನ್ನು ಇನ್ನೂರು ಪಟ್ಟು ಹೆಚ್ಚಿಸಿ ನುಂಗುವುದು ಬೇರೆಯೇ ಕೆಲಸ. ‘ವಿಟಮಿನ್ನೇ ತಾನೇ’ ಎಂದು ಅಂಗಡಿಯಿಂದ ಮಾತ್ರೆ ತಂದು ಹಾಗೆ ಮಾಡುವವರು ಮೊದಲು ವೈದ್ಯರನ್ನು ಕೇಳುವುದು ಲೇಸು.