ತಳಿಯ ಹಕ್ಕು, ಸಾಬೀತಿನ ಹೊರೆ: ಸಸ್ಯ ತಳಿ ರಕ್ಷಣೆಯ ಇತಿಹಾಸದ ಒಂದು ಅಧ್ಯಯನ

ಪೀಠಿಕೆ

ಹೊಸ ತಳಿಯೊಂದು ರೈತರ ಹೊಲ ಸೇರುವ ಹೊತ್ತಿಗೆ ಅದರ ಹಿಂದೆ ಎಂಟು ಹತ್ತು ವರ್ಷಗಳ ದುಡಿಮೆ ಇರುತ್ತದೆ. ಸಂಕರಣ, ಪ್ರತಿ ಪೀಳಿಗೆಯಲ್ಲೂ ಆಯ್ಕೆ, ರೋಗ ಮತ್ತು ಕೀಟಗಳ ಎದುರು ಪರೀಕ್ಷೆ, ಬೇರೆ ಬೇರೆ ಮಣ್ಣು ಮಳೆಗಳಲ್ಲಿ ಪ್ರಯೋಗ ಎಲ್ಲ ಆಗಬೇಕು. ಅದೇ ತಳಿಯನ್ನು ನಕಲು ಮಾಡುವವನಿಗೆ ಹಿಡಿ ಬೀಜ, ಒಂದು ತುಂಡು ಗೆಡ್ಡೆ ಅಥವಾ ಒಂದು ಕಸಿಕಡ್ಡಿ ಸಾಕು. ಯಂತ್ರವನ್ನು ನಕಲು ಮಾಡಲು ಕಾರ್ಖಾನೆ ಬೇಕು; ಬೆಳೆ ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತದೆ. ತಳಿ ರೂಪಿಸಿದವರ ಹಕ್ಕಿನ ಸಮಸ್ಯೆಗಳೆಲ್ಲ ಹುಟ್ಟುವುದು ಈ ಜೈವಿಕ ಸತ್ಯದಿಂದ.

ಕಳೆದ ಒಂದು ಶತಮಾನದಲ್ಲಿ ಈ ಸಮಸ್ಯೆಗೆ ಕಾನೂನು ಹುಡುಕಿದ ಉತ್ತರಗಳನ್ನು ಈ ಲೇಖನ ಪರಿಶೀಲಿಸುತ್ತದೆ. ಭಾರತದಲ್ಲಿ ಹಕ್ಕು ಕೊಡುವ ಕಾಯ್ದೆಗೆ ಕೊರತೆಯಿಲ್ಲ. ಆದರೆ ಹಕ್ಕನ್ನು ಸಾಬೀತುಪಡಿಸುವ ಹೊರೆ ಪೂರ್ತಿಯಾಗಿ ಹಕ್ಕುದಾರರ ಹೆಗಲ ಮೇಲೆ ಉಳಿದಿದೆ. ಆ ಹೊರೆಯನ್ನು ದೊಡ್ಡ ಸಂಸ್ಥೆಗಳು ಹೇಗೋ ಹೊರುತ್ತವೆ. ಸಣ್ಣವರು ಅದರಡಿ ಕುಸಿಯುತ್ತಾರೆ. ಇದು ಈ ಲೇಖನದ ಮುಖ್ಯ ವಾದ.

ಸೇಬಿನ ಮರದಿಂದ ಅಂತಾರಾಷ್ಟ್ರೀಯ ಒಪ್ಪಂದದವರೆಗೆ

1914ರಲ್ಲಿ ಅಮೆರಿಕದ ಸ್ಟಾರ್ಕ್ ಬ್ರದರ್ಸ್ ನರ್ಸರಿ ಪಶ್ಚಿಮ ವರ್ಜೀನಿಯಾದ ರೈತರೊಬ್ಬರಿಂದ ಒಂದೇ ಒಂದು ಸೇಬಿನ ಮರವನ್ನು 5,000 ಡಾಲರ್‌ಗೆ ಕೊಂಡಿತು. ಮುಂದೆ ಗೋಲ್ಡನ್ ಡೆಲಿಷಿಯಸ್ ಎಂದು ಜಗತ್ಪ್ರಸಿದ್ಧವಾದ ತಳಿ ಅದು. ಕಸಿಕಡ್ಡಿ ಕಳುವಾಗದಂತೆ ನರ್ಸರಿಯವರು ಮರದ ಸುತ್ತ ಪಂಜರ ಕಟ್ಟಿಸಿ, ಕಳ್ಳರ ಸುಳಿವು ಕೊಡುವ ಗಂಟೆಯನ್ನೂ ಹಾಕಿಸಿದರು. ಕಾನೂನಿನ ಆಸರೆ ಇಲ್ಲದ ಆ ಕಾಲದಲ್ಲಿ ರಕ್ಷಣೆ ಎಂದರೆ ಇಷ್ಟೇ ಆಗಿತ್ತು.

ನರ್ಸರಿ ಉದ್ಯಮದ ಒತ್ತಾಯದಿಂದ 1930ರಲ್ಲಿ ಅಮೆರಿಕ ಸಸ್ಯ ಪೇಟೆಂಟ್ ಕಾಯ್ದೆಯನ್ನು ತಂದಿತು. ಕಸಿ, ಕಡ್ಡಿಗಳಿಂದ ನಿರ್ಲಿಂಗ ರೀತಿಯಲ್ಲಿ ಬೆಳೆಸುವ ಗಿಡಗಳಿಗೆ ಮಾತ್ರ ಅದು ಅನ್ವಯಿಸಿತು. ಆಲೂಗಡ್ಡೆಯಂಥ ಗೆಡ್ಡೆ ಬೆಳೆಗಳನ್ನು ಬೇಕೆಂದೇ ಹೊರಗಿಡಲಾಯಿತು. ಗೆಡ್ಡೆ ಊಟದ ತಟ್ಟೆಗೂ ಅದೇ, ಬಿತ್ತನೆಗೂ ಅದೇ. ಬಿತ್ತನೆಯ ಮೇಲೆ ಒಡೆತನ ಕೊಟ್ಟರೆ ಆಹಾರದ ಮೇಲೂ ಕೊಟ್ಟಂತೆ ಎಂಬ ಎಚ್ಚರ ಅದರ ಹಿಂದಿತ್ತು. ಈ ಎಚ್ಚರ ಎಷ್ಟು ದೂರದೃಷ್ಟಿಯದು ಎಂಬುದು ಸುಮಾರು ತೊಂಬತ್ತು ವರ್ಷಗಳ ಬಳಿಕ ಗುಜರಾತಿನಲ್ಲಿ ಗೊತ್ತಾಯಿತು.

ಅದೇ ಹೊತ್ತಿಗೆ ಮೆಕ್ಕೆಜೋಳದಲ್ಲಿ ಇನ್ನೊಂದು ದಾರಿ ತೆರೆದುಕೊಂಡಿತು. ಹೈಬ್ರಿಡ್ ಬೀಜದ ಫಸಲನ್ನು ಮತ್ತೆ ಬಿತ್ತಿದರೆ ಮುಂದಿನ ಪೀಳಿಗೆಯಲ್ಲಿ ಗುಣಗಳು ಒಡೆದು ಇಳುವರಿ ಕುಸಿಯುತ್ತದೆ. ಹೀಗಾಗಿ ರೈತ ಪ್ರತಿ ವರ್ಷ ಬೀಜ ಕೊಳ್ಳಲೇಬೇಕು. ತಂದೆ ಮತ್ತು ತಾಯಿ ಸಾಲುಗಳನ್ನು ಗುಟ್ಟಾಗಿಟ್ಟುಕೊಂಡರೆ ಕಂಪನಿಗೆ ಕಾನೂನಿನ ನೆರವೇ ಬೇಕಿರಲಿಲ್ಲ. ಸ್ವಪರಾಗಸ್ಪರ್ಶದ ಭತ್ತ, ಗೋಧಿ, ರಾಗಿಗಳಿಗೆ ಇಂಥ ಜೈವಿಕ ಬೀಗವಿಲ್ಲ. ಖಾಸಗಿ ಹೂಡಿಕೆ ಹೈಬ್ರಿಡ್‌ಗಳತ್ತ ಹರಿದು, ಬಡವರ ಅನ್ನದ ಬೆಳೆಗಳು ಸರ್ಕಾರಿ ಸಂಸ್ಥೆಗಳ ಪಾಲಿಗೆ ಉಳಿದುದಕ್ಕೆ ಇದೊಂದು ಮುಖ್ಯ ಕಾರಣ.

ಯುರೋಪಿನ ದೇಶಗಳು 1961ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಸೇರಿ, ಹೊಸ ಸಸ್ಯ ತಳಿಗಳನ್ನು ರಕ್ಷಿಸುವ ಯುಪಿಒವಿ ಒಪ್ಪಂದಕ್ಕೆ ಸಹಿ ಹಾಕಿದವು. ಪೇಟೆಂಟಿಗಿಂತ ಮೃದುವಾದ ಈ ವ್ಯವಸ್ಥೆ 1978ರ ರೂಪದಲ್ಲಿಯೂ ರೈತ ಬೀಜ ಉಳಿಸಿಕೊಳ್ಳುವುದಕ್ಕೆ ಎಡೆ ಬಿಟ್ಟಿತ್ತು. 1991ರ ಪರಿಷ್ಕರಣೆ ಅದನ್ನು ಬಿಗಿಗೊಳಿಸಿತು. ಬೀಜ ಉಳಿಸಿಕೊಳ್ಳುವುದು ಆಯಾ ದೇಶ ಬೇಕಾದರೆ ಕೊಡಬಹುದಾದ ರಿಯಾಯಿತಿಯಾಯಿತು. ನಾಲ್ಕೇ ವರ್ಷಗಳಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ ಜಾರಿಗೆ ಬಂದಿತು. ಸದಸ್ಯ ದೇಶಗಳು ಸಸ್ಯ ತಳಿಗಳಿಗೆ ಪೇಟೆಂಟ್ ಕೊಡಬೇಕು, ಇಲ್ಲವೇ ಪರಿಣಾಮಕಾರಿಯಾದ ತಮ್ಮದೇ ವ್ಯವಸ್ಥೆ ರೂಪಿಸಿಕೊಳ್ಳಬೇಕು ಎಂದು ಅದು ವಿಧಿಸಿತು.

ಹಕ್ಕು ಕೇಳದ ಕಾಲ: ಕರ್ನಾಟಕದ ನಿದರ್ಶನ

ಕರ್ನಾಟಕದ ತಳಿ ಇತಿಹಾಸದ ದೊಡ್ಡ ಸಾಧನೆಗಳು ನಡೆದದ್ದು ಇಂಥ ಯಾವ ಹಕ್ಕೂ ಇಲ್ಲದ ಕಾಲದಲ್ಲಿ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ರಾಗಿ ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ಸರಣಿಯ ತಳಿಗಳನ್ನು ಕೊಟ್ಟರು. ಧಾರವಾಡದಲ್ಲಿ ಬಿ.ಎಚ್. ಕಟರ್ಕಿಯವರು 1972ರಲ್ಲಿ ಎರಡು ಭಿನ್ನ ಪ್ರಭೇದದ ಹತ್ತಿಗಳ ಸಂಕರಣದಿಂದ ವರಲಕ್ಷ್ಮಿಯನ್ನು ರೂಪಿಸಿದರು. ಡಿಸಿಎಚ್-32, ಅಂದರೆ ಜಯಲಕ್ಷ್ಮಿ, ಅದನ್ನು ಹಿಂಬಾಲಿಸಿತು. ಸರ್ಕಾರದ ಸಂಬಳದಲ್ಲಿ ನಡೆದ ಈ ಕೆಲಸದ ಫಲ ರೈತರಿಗೆ ಮುಕ್ತವಾಗಿ ಹರಿಯಿತು. ರಾಗಿಯ ಬೀಜವಂತೂ ಕಣದಿಂದ ಕಣಕ್ಕೆ, ನೆಂಟರಿಂದ ನೆಂಟರಿಗೆ ಸಾಗಿ ಊರೂರು ತಲುಪಿತು. ಅದನ್ನು ಯಾರೂ ಕಳವು ಎನ್ನಲಿಲ್ಲ, ಎನ್ನಬೇಕಾಗಿಯೂ ಇರಲಿಲ್ಲ.

ಇದರ ಜೊತೆಜೊತೆಗೇ ಖಾಸಗಿ ಬೀಜೋದ್ಯಮವೂ ಬೆಳೆಯಿತು. 1965ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ತರಕಾರಿ ಹೈಬ್ರಿಡ್‌ಗಳಿಗೆ ದಾರಿ ತೋರಿತು. ರಾಣೆಬೆನ್ನೂರಿನ ಸುತ್ತಮುತ್ತ ಕೈಯಿಂದ ಪರಾಗಸ್ಪರ್ಶ ಮಾಡಿ ಬೀಜೋತ್ಪಾದನೆ ಮಾಡುವುದು ಸಾವಿರಾರು ಕುಟುಂಬಗಳ ಬದುಕಾಯಿತು. ಬಂಡವಾಳ ಹೂಡಿದವರಿಗೆ ರಕ್ಷಣೆ ಬೇಕೆನ್ನಿಸಿದ್ದು ಸಹಜ.

2001ರ ಕಾಯ್ದೆ

ಭಾರತ ಯುಪಿಒವಿ ಸೇರಲಿಲ್ಲ. ತನ್ನದೇ ಆದ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯನ್ನು 2001ರಲ್ಲಿ ಅಂಗೀಕರಿಸಿತು. 2005ರಲ್ಲಿ ಅದರ ಜಾರಿಗೆ ಪ್ರಾಧಿಕಾರ ರಚನೆಯಾಗಿ, 2007ರಲ್ಲಿ ತಳಿಗಳ ನೋಂದಣಿ ಆರಂಭವಾಯಿತು. ಈ ಕಾಯ್ದೆ ರೈತನನ್ನು ಬರೀ ಬೀಜ ಕೊಳ್ಳುವವನಾಗಿ ನೋಡುವುದಿಲ್ಲ; ತಳಿ ರೂಪಿಸುವವನಾಗಿ, ತಳಿ ಕಾಪಾಡಿದವನಾಗಿ ಗುರುತಿಸುತ್ತದೆ. ಬೆಳೆಗಳಿಗೆ 15 ವರ್ಷ, ಮರ ಮತ್ತು ಬಳ್ಳಿಗಳಿಗೆ 18 ವರ್ಷ ರಕ್ಷಣೆ ಸಿಗುತ್ತದೆ. ಹಾಗಿದ್ದೂ 39ನೇ ಕಲಮಿನ ಪ್ರಕಾರ ರೈತರು ರಕ್ಷಿತ ತಳಿಯ ಬೀಜವನ್ನೂ ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಬ್ರಾಂಡ್ ಹೆಸರಿನಲ್ಲಿ ಪೊಟ್ಟಣ ಕಟ್ಟಿ ಮಾರುವಂತಿಲ್ಲ ಎಂಬುದೊಂದೇ ನಿರ್ಬಂಧ.

ಈ ಉದಾರತೆಯೇ ತಳಿ ತಜ್ಞರ ಕಷ್ಟಕ್ಕೆ ಮೂಲ ಎಂದು ಉದ್ಯಮ ವಲಯ ಆಗಾಗ ವಾದಿಸುತ್ತದೆ. ವಾಸ್ತವ ಬೇರೆಯಿದೆ. ನೆರೆಯವನಿಗೆ ಎರಡು ಸೇರು ಬೀಜ ಕೊಡುವ ರೈತನಿಂದ ತಳಿಯ ಹೆಸರು ಹಬ್ಬುತ್ತದೆ. ಹೆಸರು ಬದಲಿಸಿ ಸಗಟಾಗಿ ಮಾರುವ ವ್ಯಾಪಾರಿಯಿಂದ ತಳಿ ಅಳಿಯುತ್ತದೆ. ಕಾಯ್ದೆಯ ಬಲ ಎರಡನೆಯವನ ಮೇಲೆ ಬೀಳಬೇಕಿತ್ತು.

ಸಾಬೀತಿನ ತೊಡಕುಗಳು

ಕಾಯ್ದೆಯ ಬಲ ನಕಲು ಮಾರುವ ವ್ಯಾಪಾರಿಯ ಮೇಲೆ ಏಕೆ ಬೀಳುತ್ತಿಲ್ಲ ಎಂಬುದಕ್ಕೆ ನಾಲ್ಕು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು ಪರೀಕ್ಷೆಯ ಸ್ವರೂಪ. ತಳಿ ವಿಶಿಷ್ಟವಾಗಿರಬೇಕು, ಏಕರೂಪವಾಗಿರಬೇಕು, ಸ್ಥಿರವಾಗಿರಬೇಕು. ಎಲೆಯ ಬಣ್ಣ, ತೆನೆಯ ಆಕಾರ, ಗಿಡದ ಎತ್ತರದಂಥ ಹೊರಲಕ್ಷಣಗಳನ್ನು ಹೊಲದಲ್ಲಿ ಅಳೆದು ಇದನ್ನು ತೀರ್ಮಾನಿಸುತ್ತಾರೆ. ಬರ ತಡೆಯುವ ಗುಣ, ರುಚಿ, ಇಳುವರಿಗಳಂಥ ನಿಜವಾದ ಸಾಧನೆ ಈ ಲಕ್ಷಣಗಳಲ್ಲಿ ಕಾಣದೆ ಹೋಗಬಹುದು. ಅತ್ತ, ಹಳೆಯ ತಳಿಯಲ್ಲಿ ಕಣ್ಣಿಗೆ ಕಾಣುವ ಒಂದು ಸಣ್ಣ ಗುಣ ಬದಲಿಸಿ ಹೊಸದೆಂದು ಹೇಳಿಕೊಳ್ಳುವುದು ಸುಲಭ. ಮೂಲ ತಳಿಯಿಂದ ಹೀಗೆ ಪಡೆದ ತಳಿಗಳ ಬಗ್ಗೆ ಕಾಯ್ದೆಯಲ್ಲಿ ನಿಯಮವಿದ್ದರೂ, ಎಷ್ಟು ಹೋಲಿಕೆ ಇದ್ದರೆ ಅದು ನಕಲು ಎಂದು ಗೆರೆ ಎಳೆಯುವುದು ಕಷ್ಟ.

ಎರಡನೆಯದು ಪೋಷಕ ಸಾಲುಗಳ ಕಳವು. ಹೈಬ್ರಿಡ್ ಬೀಜೋತ್ಪಾದನೆ ನಡೆಯುವುದು ಕಂಪನಿಯ ಕಾಂಪೌಂಡಿನೊಳಗಲ್ಲ, ರೈತರ ಬಯಲು ಹೊಲಗಳಲ್ಲಿ. ಅಲ್ಲಿಂದ ಒಂದು ಹಿಡಿ ಮೂಲಬೀಜ ಹೊರಬಿದ್ದರೆ ಗುಟ್ಟು ಮುಗಿಯಿತು.

ಮೂರನೆಯದು ಬೀಜ ಮಾರುಕಟ್ಟೆಯ ಸಡಿಲು. 1966ರ ಬೀಜ ಕಾಯ್ದೆಯಡಿ ಮಾರಾಟಕ್ಕೆ ಬರುವ ಪ್ರತಿ ತಳಿಯೂ ನೋಂದಣಿಯಾಗಬೇಕೆಂದಿಲ್ಲ. ಗುಣಮಟ್ಟವನ್ನು ಮಾರುವವನೇ ಘೋಷಿಸುವ ನಿಜಚೀಟಿ ಬೀಜವಾಗಿ, ಸಂಶೋಧನಾ ಹೈಬ್ರಿಡ್ ಎಂಬ ಹೆಸರಿನಲ್ಲಿ, ಒಂದೇ ತಳಿ ಹಲವು ಪೊಟ್ಟಣಗಳಲ್ಲಿ ಬರಬಹುದು.

ನಾಲ್ಕನೆಯದು ನ್ಯಾಯದ ದೂರ. ಉಲ್ಲಂಘನೆಯ ದಾವೆಯನ್ನು ಜಿಲ್ಲಾ ನ್ಯಾಯಾಲಯದಲ್ಲಿ ಹೂಡಬೇಕು, ಪುರಾವೆಯನ್ನು ಹಕ್ಕುದಾರರೇ ಕಲೆಹಾಕಬೇಕು. ನೋಂದಣಿಯ ಅರ್ಜಿ ಬಾಕಿ ಇರುವಾಗ ಮಧ್ಯಂತರ ರಕ್ಷಣೆ ಕೊಡುವ ಅಧಿಕಾರ ರಿಜಿಸ್ಟ್ರಾರ್‌ಗೆ ಇತ್ತು. ಆ 24(5)ನೇ ಉಪಕಲಮನ್ನು ದೆಹಲಿ ಹೈಕೋರ್ಟ್ 2016ರಲ್ಲಿ ಅಸಾಂವಿಧಾನಿಕವೆಂದು ರದ್ದುಪಡಿಸಿತು. ಅಂಕೆಯಿಲ್ಲದ ಅಧಿಕಾರಕ್ಕೆ ತಡೆ ಬಿದ್ದದ್ದು ಸರಿಯೇ. ಆದರೆ ಅದರ ಜಾಗದಲ್ಲಿ ನ್ಯಾಯಯುತವಾದ ಬೇರೊಂದು ಏರ್ಪಾಡು ಬರಬೇಕಿತ್ತು.

ಮೂರು ಪ್ರಕರಣಗಳು

2019ರಲ್ಲಿ ಪೆಪ್ಸಿಕೋ ಕಂಪನಿ, ಚಿಪ್ಸ್‌ಗೆ ಬಳಸುವ ತನ್ನ ಎಫ್‌ಎಲ್ 2027 ಆಲೂಗಡ್ಡೆಯನ್ನು ಅನುಮತಿಯಿಲ್ಲದೆ ಬೆಳೆದರೆಂದು ಗುಜರಾತಿನ ರೈತರ ಮೇಲೆ ದಾವೆ ಹೂಡಿತು. ಕೆಲವರಿಂದ ತಲಾ ಒಂದು ಕೋಟಿ ರೂಪಾಯಿಗೂ ಹೆಚ್ಚು ಪರಿಹಾರ ಕೇಳಿತು. ದೇಶವ್ಯಾಪಿ ವಿರೋಧ ಎದ್ದ ಬಳಿಕ ಮೊಕದ್ದಮೆಗಳನ್ನು ಹಿಂತೆಗೆದುಕೊಂಡಿತು. 2021ರ ಡಿಸೆಂಬರ್‌ನಲ್ಲಿ ಪ್ರಾಧಿಕಾರ, ಅರ್ಜಿಯ ಮಾಹಿತಿ ಮತ್ತು ದಾಖಲೆಗಳ ದೋಷ ಎತ್ತಿ ಹೇಳಿ ನೋಂದಣಿಯನ್ನೇ ರದ್ದುಮಾಡಿತು. 2023ರಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ಎತ್ತಿಹಿಡಿದರೆ, 2024ರ ಜನವರಿಯಲ್ಲಿ ವಿಭಾಗೀಯ ಪೀಠ ಆ ತೀರ್ಪನ್ನು ತಳ್ಳಿಹಾಕಿತು. 1930ರಲ್ಲಿ ಗೆಡ್ಡೆಯನ್ನು ಕಾಯ್ದೆಯಿಂದ ಹೊರಗಿಟ್ಟವರ ಆತಂಕ ಇಲ್ಲಿ ಪ್ರತ್ಯಕ್ಷವಾಯಿತು. ವಕೀಲರ ಪಡೆಯುಳ್ಳ ಕಂಪನಿಗೂ ದಾಖಲೆ ಒದಗಿಸುವುದು ಸುಲಭವಾಗಲಿಲ್ಲ ಎಂಬುದೂ ಗಮನಾರ್ಹ.

ಇದರ ಇನ್ನೊಂದು ಮುಖ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ದಾದಾಜಿ ಖೋಬ್ರಾಗಡೆಯವರದು. ಸಣ್ಣ ಹಿಡುವಳಿದಾರರಾದ ಅವರು 1980ರ ದಶಕದಲ್ಲಿ ತಮ್ಮ ಗದ್ದೆಯಲ್ಲಿ ಬೇರೆಯಾಗಿ ಕಂಡ ಭತ್ತದ ತೆನೆಗಳನ್ನು ಆಯ್ದು, ಎಚ್‌ಎಂಟಿ ಎಂದು ಹೆಸರಾದ ಸಣ್ಣಕ್ಕಿಯ ತಳಿಯನ್ನು ರೂಪಿಸಿದರು. ಅದು ಹಲವು ರಾಜ್ಯಗಳಿಗೆ ಹರಡಿತು. ಅಕೋಲಾದ ಕೃಷಿ ವಿಶ್ವವಿದ್ಯಾಲಯ ಪಿಕೆವಿ ಎಚ್‌ಎಂಟಿ ಎಂಬ ಹೆಸರಿನಲ್ಲಿ ತಳಿಯೊಂದನ್ನು ಬಿಡುಗಡೆ ಮಾಡಿತು. ತಮ್ಮ ಶ್ರಮಕ್ಕೆ ತಕ್ಕ ಮನ್ನಣೆ ದಕ್ಕಲಿಲ್ಲ ಎಂಬ ನೋವು ದಾದಾಜಿಯವರನ್ನು ಕಾಡಿತು. ರಾಷ್ಟ್ರೀಯ ಪ್ರಶಸ್ತಿ ಬಂದರೂ ಅವರ ಬಡತನ ನೀಗಲಿಲ್ಲ. ಅವರು 2018ರಲ್ಲಿ ತೀರಿಕೊಂಡರು.

ಮೂರನೆಯದು ಭರವಸೆಯ ನಿದರ್ಶನ. ತುಮಕೂರು ಜಿಲ್ಲೆಯ ಚೇಳೂರಿನ ಕೃಷಿಕ ಕುಟುಂಬವೊಂದರ ತೋಟದಲ್ಲಿದ್ದ ಕೆಂಪು ತೊಳೆಯ ಹಲಸನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿತು. ಸಿದ್ದು ಹಲಸು ಎಂಬ ಹೆಸರಿನ ಆ ತಳಿಯ ಕಸಿ ಗಿಡಗಳ ಮಾರಾಟದ ಹಣದಲ್ಲಿ ದೊಡ್ಡ ಪಾಲು ಕುಟುಂಬಕ್ಕೇ ಸೇರುವಂತೆ ಒಡಂಬಡಿಕೆ ಮಾಡಿಕೊಂಡಿತು. ಇಲ್ಲಿ ಸಾಬೀತಿನ ಹೊರೆಯನ್ನು ಸಂಸ್ಥೆ ಹೊತ್ತಿತು, ರೈತನ ಹೆಸರೂ ಉಳಿಯಿತು.

ಸಮಾರೋಪ

ಈ ಇತಿಹಾಸದಿಂದ ಮೂರು ತೀರ್ಮಾನಗಳಿಗೆ ಬರಬಹುದು. ಒಂದು, ನೋಂದಣಿಯ ಹೊತ್ತಿಗೇ ಪ್ರತಿ ತಳಿಯ ಡಿಎನ್‌ಎ ಗುರುತನ್ನು ಪ್ರಾಧಿಕಾರವೇ ದಾಖಲಿಸಬೇಕು, ಅದು ಬೀಜ ಪರೀಕ್ಷಕರ ಕೈಗೆ ಸಿಗಬೇಕು. ಎರಡು, ಪೊಟ್ಟಣದೊಳಗಿನ ತಳಿ ಯಾವುದೆಂದು ಹೇಳುವ ಹೊಣೆಯನ್ನು ಬೀಜ ಕಾನೂನು ಮಾರುವವನ ಮೇಲೆ ಹೊರಿಸಬೇಕು. ಮೂರು, ರೈತರ ತಳಿಗಳ ದಾಖಲಾತಿ ಕೃಷಿ ವಿಶ್ವವಿದ್ಯಾಲಯಗಳ ಮತ್ತು ಕೃಷಿ ವಿಜ್ಞಾನ ಕೇಂದ್ರಗಳ ಕಡ್ಡಾಯ ಕರ್ತವ್ಯವಾಗಬೇಕು.

ಬೀಜ ಉಳಿಸಿಕೊಳ್ಳುವ ರೈತನ ಹಕ್ಕನ್ನು ಮೊಟಕುಗೊಳಿಸಿ ತಳಿ ತಜ್ಞರನ್ನು ಕಾಪಾಡಲಾಗದು. ತಳಿ ತಜ್ಞರು ದುಡಿಯುವುದೇ ರೈತರು ತಲೆತಲಾಂತರದಿಂದ ಉಳಿಸಿಕೊಂಡು ಬಂದ ಬೀಜರಾಶಿಯ ಮೇಲೆ. ಇಬ್ಬರ ಶ್ರಮಕ್ಕೂ ಸಾಕ್ಷಿ ಒದಗಿಸುವ ಕೆಲಸವನ್ನು ಸರ್ಕಾರ ತನ್ನದೆಂದು ಒಪ್ಪಿಕೊಂಡರೆ 2001ರ ಕಾಯ್ದೆ ತನ್ನ ಮಾತು ಉಳಿಸಿಕೊಳ್ಳುತ್ತದೆ.