ನೆತ್ತದ ದಾಳ, ನೆತ್ತದ ಒತ್ತೆ

ಹಳಗನ್ನಡದ ‘ನೆತ್ತ’ವೆಂದರೆ ದಾಳದಾಟ, ಪಗಡೆ. ಅದರ ಕಟ್ಟಳೆಗಳು ಎರಡು ಬಗೆ: ಗೆಲವನ್ನು ತೀರ್ಮಾನಿಸುವ ದಾಳದ ಕಟ್ಟಳೆ, ಏನನ್ನು ಒಡ್ಡಬಹುದು, ಹೇಗೆ ತೆರಬೇಕು ಎಂಬ ಒತ್ತೆಯ ಕಟ್ಟಳೆ. ನಮ್ಮ ಭಾರತಕಾವ್ಯಗಳಲ್ಲಿ ಬಿಕ್ಕಟ್ಟು ಹುಟ್ಟುವುದು ಎರಡನೆಯದರಲ್ಲಿ.

ಪಂಪನ ‘ವಿಕ್ರಮಾರ್ಜುನ ವಿಜಯ’ದ (ಸು. ಕ್ರಿ.ಶ. 941) ಪ್ರಸಿದ್ಧ ಪದ್ಯವನ್ನು ವಾಡಿಕೆಯಂತೆ ಓದಿದರೆ, ಭಾನುಮತಿ ಕರ್ಣನಿಗೆ ಸೋತಿದ್ದಾಳೆ, ಆಟ ಮುಗಿದಿದೆ. ಒತ್ತೆಗಾಗಿ ಕಾಡುವಾಗ ಹಾರ ಹರಿದು ಮುತ್ತು ಚೆಲ್ಲುತ್ತದೆ. ಸೋತವರು ತೆರಬೇಕಾದುದನ್ನೂ ಪಂಪ ‘ಸೋಲ’ವೆಂದೇ ಕರೆಯುತ್ತಾನೆ. ಮುತ್ತುಗಳನ್ನು ಆಯಲೇ ಎಂದು ಕೇಳುವ ದುರ್ಯೋಧನನ ನಂಬಿಕೆ ಅಲ್ಲಿ ಕಟ್ಟಳೆಗಿಂತ ದೊಡ್ಡದಾಗುತ್ತದೆ.

ಕುಮಾರವ್ಯಾಸನ ಸಭಾಪರ್ವದಲ್ಲಿ ದ್ರೌಪದಿ ದಾಳದ ಲೆಕ್ಕ ಕೇಳುವುದಿಲ್ಲ. ಮೊದಲೇ ತನ್ನನ್ನು ಸೋತವನಿಗೆ ಮಡದಿಯನ್ನು ಒಡ್ಡುವ ಅಧಿಕಾರವುಂಟೇ ಎಂದು ಕೇಳುತ್ತಾಳೆ. ದಾಳ ಗೆಲವನ್ನು ಹೇಳೀತು. ಒತ್ತೆಯ ಎಲ್ಲೆಯನ್ನು ಹೇಳದು.