ದನಿಗೆ ಹೊಂದಿಕೊಳ್ಳುವ ಯಂತ್ರ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಲ್ಲಿ. ಕನಕಪುರ, ಮಾಗಡಿ, ಚನ್ನಪಟ್ಟಣದ ಕಡೆಯ ರೈತರ ಬಾಯಲ್ಲಿ ‘ಬರುತ್ತೇನೆ’ ಎಂಬುದು ‘ಬತ್ತೀನಿ’ ಆಗಿರುತ್ತದೆ. ಹಲವರಿಗೆ ‘ಹಾಲು’ ‘ಆಲು’. ನಮಗೆ ಇದು ತೊಡಕಲ್ಲ. ಆದರೆ ಮಾತನ್ನು ಕೇಳಿ ಬರಹವಾಗಿಸುವ ಯಂತ್ರಕ್ಕೆ? ವಿದ್ಯಾರ್ಥಿಗಳೇ, ಈ ಪ್ರಶ್ನೆಗೆ ಎಪ್ಪತ್ತು ವರ್ಷಗಳ ಇತಿಹಾಸವಿದೆ.

1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ‘ಆಡ್ರಿ’ ಯಂತ್ರವು ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಗುರುತಿಸಿತು. ಮಾತನಾಡುವವರು ಬದಲಾದರೆ ಅದನ್ನು ಮತ್ತೆ ಹೊಂದಿಸಬೇಕಾಗಿತ್ತು. 1980ರ ದಶಕದಲ್ಲಿ ಐಬಿಎಂ ಸಂಸ್ಥೆಯ ‘ಟ್ಯಾಂಗೋರ’ 20,000 ಪದಗಳನ್ನು ಬಲ್ಲದಾಯಿತು. ಅದಕ್ಕೂ ಪ್ರತಿಯೊಬ್ಬರೂ ಸುಮಾರು 20 ನಿಮಿಷ ಓದಿ ತಮ್ಮ ದನಿಯನ್ನು ಪರಿಚಯಿಸಬೇಕಿತ್ತು.

ಕಾರಣ ನಮ್ಮ ದೇಹದಲ್ಲಿಯೇ ಇದೆ. ಗಂಟಲಿನಿಂದ ತುಟಿಯವರೆಗಿನ ನಾಳ ವಯಸ್ಕ ಗಂಡಸಿನಲ್ಲಿ ಸುಮಾರು 17 ಸೆಂಟಿಮೀಟರ್ ಉದ್ದ. ಹೆಂಗಸರು, ಮಕ್ಕಳಲ್ಲಿ ಅದಕ್ಕಿಂತ ಗಿಡ್ಡ. ಆದ್ದರಿಂದ ಒಂದೇ ‘ಆ’ ಸ್ವರ ಬೇರೆ ಬೇರೆ ಬಾಯಲ್ಲಿ ಬೇರೆ ಬೇರೆ ಅನುರಣನ ಪಡೆಯುತ್ತದೆ.

1994ರಲ್ಲಿ ಗೋವೆನ್ ಮತ್ತು ಲೀ ಒಂದು ದಾರಿ ತೋರಿಸಿದರು: ಅನೇಕರ ಮಾತಿನಿಂದ ಕಲಿತದ್ದನ್ನು ಉಳಿಸಿಕೊಂಡು, ಹೊಸ ದನಿಯ ಕಡೆಗೆ ಮೆಲ್ಲಗೆ ವಾಲುವುದು. ಆದರೆ ಕೇಳಿಸದ ಧ್ವನಿಗಳು ಹಳೆಯ ಸ್ಥಿತಿಯಲ್ಲೇ ಉಳಿಯುತ್ತಿದ್ದವು. 1995ರಲ್ಲಿ ಕೇಂಬ್ರಿಡ್ಜ್‌ನ ಲೆಗೆಟರ್ ಮತ್ತು ವುಡ್‌ಲ್ಯಾಂಡ್ ಇದಕ್ಕೆ ಪರಿಹಾರ ಸೂಚಿಸಿದರು. ಗಾಯಕರ ಶ್ರುತಿ ಏರಿದರೆ ಪಕ್ಕವಾದ್ಯದವರು ರಾಗವನ್ನು ಹೊಸದಾಗಿ ಕಲಿಯುತ್ತಾರೆಯೇ? ಇಲ್ಲ, ಸ್ವರಗಳನ್ನೆಲ್ಲ ಒಟ್ಟಿಗೆ ಸರಿಸುತ್ತಾರೆ. ಅದೇ ರೀತಿ ಒಂದೇ ಗಣಿತ ಸೂತ್ರದಿಂದ ಅನೇಕ ಧ್ವನಿಗಳನ್ನು ಒಟ್ಟಿಗೆ ಸರಿಸಿದಾಗ, ಕೆಲವೇ ವಾಕ್ಯಗಳ ಮಾದರಿಯೂ ಸಾಕಾಯಿತು. 2021ರಲ್ಲಿ ಪ್ರಕಟವಾದ ‘ಲೋರಾ’ ವಿಧಾನದಲ್ಲೂ ಇದೇ ಮಿತವ್ಯಯವಿದೆ: ದೊಡ್ಡ ಮಾದರಿಯನ್ನು ಮುಟ್ಟದೆ, ಅದಕ್ಕೆ ಜೋಡಿಸಿದ ಪುಟ್ಟ ಭಾಗಕ್ಕೆ ಮಾತ್ರ ತರಬೇತಿ ನೀಡಲಾಗುತ್ತದೆ.

ಗಂಟಲಿನ ವ್ಯತ್ಯಾಸಕ್ಕೆ ಹೀಗೆ ಉತ್ತರ ಸಿಕ್ಕಿತು. ಆದರೆ ‘ಬತ್ತೀನಿ’ ಗಂಟಲಿನ ವ್ಯತ್ಯಾಸವಲ್ಲ, ಊರಿನ ನುಡಿ. ಅದನ್ನು ಯಂತ್ರ ಮೊದಲೇ ಕೇಳಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಕನ್ನಡವೂ ಸೇರಿದಂತೆ 9 ಭಾಷೆಗಳಲ್ಲಿ, ಕೃಷಿ ಮತ್ತು ಹಣಕಾಸಿನ ಮಾತನ್ನು ಉಪಭಾಷೆಗಳ ಸಮೇತ ಸಂಗ್ರಹಿಸಲು ಹೊರಟದ್ದು ಈ ಕಾರಣಕ್ಕೇ.

ಪುಸ್ತಕದ ಕನ್ನಡಕ್ಕೆ ಮಾತ್ರ ಓಗೊಡುವ ಯಂತ್ರದ ಮುಂದೆ, ಗೂಡಿನ ಬೆಲೆ ಕೇಳುವ ರೈತ ತನ್ನ ನುಡಿಗೇ ನಾಚಿಕೊಳ್ಳಬೇಕಾದೀತು. ಹಾಗಾಗದಂತೆ ನೋಡಿಕೊಳ್ಳುವ ಕೆಲಸ ಇನ್ನೂ ಬಾಕಿಯಿದೆ. ನಿಮ್ಮಲ್ಲಿ ಕೆಲವರಾದರೂ ಅದಕ್ಕೆ ಕೈಹಾಕಬೇಕು.